ಹಳೆಯ ಸೆಡಾನ್ ಕಾರು ಕೊಂಡರೆ ರಿಪೇರಿಗೇ ಲಕ್ಷ ಬೇಕಾ? ಫಾರ್ವರ್ಡ್ ಸಂದೇಶಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

'ಹತ್ತು ವರ್ಷ ದಾಟಿದ ಸೆಡಾನ್ ಕಾರು ಬಿಳಿ ಆನೆ ಇದ್ದ ಹಾಗೆ, ಕೊಳ್ಳುವುದು ಸುಲಭ, ಸಾಕುವುದು ಕಷ್ಟ' ಎಂಬ ಅರ್ಥದ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಬರುತ್ತಿರುತ್ತವೆ. 'ಜಪಾನ್ ಎಂಜಿನ್ ಕಣ್ರೀ, ಆಯಿಲ್ ಹಾಕಿ ಓಡಿಸಿ, ಏನೂ ಆಗಲ್ಲ' ಎನ್ನುವ ಸಂದೇಶಗಳಿಗೂ ಕೊರತೆ ಇಲ್ಲ. ಮೊದಲನೆಯದನ್ನು ನಂಬಿದವರು ಚೆನ್ನಾಗಿರುವ ಕಾರನ್ನೇ ಕಡಿಮೆ ಬೆಲೆಗೆ ಮಾರಿಬಿಡುತ್ತಾರೆ. ಎರಡನೆಯದನ್ನು ನಂಬಿದವರು ಎಂಜಿನ್ ಕೆಡಿಸಿಕೊಳ್ಳುತ್ತಾರೆ.

ಎರಡೂ ಪೂರ್ತಿ ನಿಜವಲ್ಲ. ಹಳೆಯ ಕಾರು ಒಂದೇ ದಿನ ಹಾಳಾಗುವುದಿಲ್ಲ. ರಬ್ಬರ್, ಪ್ಲಾಸ್ಟಿಕ್, ದ್ರವಗಳು ಮೊದಲು ಸವೆಯುತ್ತವೆ. ಇವುಗಳ ಬೆಲೆ ಕಡಿಮೆ. ಇವನ್ನು ಬದಲಿಸದೆ ಬಿಟ್ಟಾಗ ಲೋಹದ ಭಾಗಗಳು ಹಾಳಾಗುತ್ತವೆ. ದೊಡ್ಡ ಬಿಲ್ ಬರುವುದು ಅಲ್ಲಿಂದ. ಯಾವ ಲಕ್ಷಣಕ್ಕೆ ಯಾವ ಭಾಗ ಕಾರಣ, ಅದಕ್ಕೆ ಎಷ್ಟು ಖರ್ಚಾಗಬಹುದು ಎಂದು ಗೊತ್ತಿದ್ದರೆ ಬಹಳಷ್ಟು ಹಣ ಉಳಿಯುತ್ತದೆ. ಕೆಲವು ಸಂದರ್ಭಗಳಲ್ಲಿ ಜೀವವೂ ಉಳಿಯುತ್ತದೆ.

ಉದಾಹರಣೆಗಾಗಿ ನಾವು ನಮ್ಮ ರಸ್ತೆಗಳಲ್ಲಿ ಈಗಲೂ ಹೆಚ್ಚಾಗಿ ಕಾಣುವ ಒಂದು ಕಾರನ್ನು ಆರಿಸಿಕೊಂಡಿದ್ದೇವೆ. ಅದು 2008ರಲ್ಲಿ ಭಾರತಕ್ಕೆ ಬಂದು 2013ರವರೆಗೆ ಮಾರಾಟವಾದ ಮೂರನೇ ತಲೆಮಾರಿನ ಹೋಂಡಾ ಸಿಟಿ. ಇದರಲ್ಲಿ 1.5 ಲೀಟರ್ ಐ-ವಿಟೆಕ್ ಪೆಟ್ರೋಲ್ ಎಂಜಿನ್ ಇದೆ. ಬೇರೆ ಕಂಪನಿಯ ಸೆಡಾನ್ ಇಟ್ಟುಕೊಂಡವರಿಗೂ ಇಲ್ಲಿನ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ. ಲೇಖನದಲ್ಲಿರುವ ಮೊತ್ತಗಳೆಲ್ಲ ಅಂದಾಜು. ಊರು, ಗ್ಯಾರೇಜ್ ಮತ್ತು ಭಾಗದ ಬ್ರ್ಯಾಂಡ್ ಮೇಲೆ ಇವು ಹೆಚ್ಚು ಕಡಿಮೆ ಆಗುತ್ತವೆ.

ಹೇಳಿಕೆ 1: '60 ಸಾವಿರ ಕಿ.ಮೀ.ಗೆ ಟೈಮಿಂಗ್ ಬೆಲ್ಟ್ ಬದಲಿಸದಿದ್ದರೆ ಎಂಜಿನ್ ಪುಡಿ'

ಇದು ಕೆಲವು ಕಾರುಗಳಿಗೆ ನಿಜ, ಎಲ್ಲ ಕಾರುಗಳಿಗೂ ಅಲ್ಲ. ಎಂಜಿನ್‌ನೊಳಗೆ ಪಿಸ್ಟನ್ ಮೇಲೆ ಕೆಳಗೆ ಚಲಿಸುವಾಗ ವಾಲ್ವ್‌ಗಳು ಅದೇ ಲಯಕ್ಕೆ ಸರಿಯಾಗಿ ತೆರೆದು ಮುಚ್ಚಬೇಕು. ಈ ಲಯವನ್ನು ಕಾಯುವುದು ಟೈಮಿಂಗ್ ಬೆಲ್ಟ್ ಅಥವಾ ಟೈಮಿಂಗ್ ಚೈನ್. ಬೆಲ್ಟ್ ರಬ್ಬರಿನದು, ಅದಕ್ಕೆ ಆಯಸ್ಸು ಇದೆ. ಅದು ತುಂಡಾದರೆ ಅನೇಕ ಎಂಜಿನ್‌ಗಳಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಚೈನ್ ಲೋಹದ್ದು, ಎಂಜಿನ್ ಆಯಿಲ್‌ನಲ್ಲೇ ನೆನೆಯುತ್ತಾ ಓಡುತ್ತದೆ.

ಮೂರನೇ ತಲೆಮಾರಿನ ಸಿಟಿಯಲ್ಲಿ ಇರುವುದು ಚೈನ್. ಇಷ್ಟು ಕಿ.ಮೀ.ಗೆ ಬದಲಿಸಲೇಬೇಕು ಎಂಬ ನಿಗದಿ ಅದಕ್ಕಿಲ್ಲ. ಆದರೆ 1998ರಲ್ಲಿ ಬಂದ ಮೊದಲ ತಲೆಮಾರಿನ ಸಿಟಿ, ಫಿಯಟ್ ಲೀನಿಯಾ 1.4 ಪೆಟ್ರೋಲ್, ಫೋಕ್ಸ್‌ವ್ಯಾಗನ್ ವೆಂಟೊ 1.6 ಡೀಸೆಲ್ ಮುಂತಾದವುಗಳಲ್ಲಿ ಬೆಲ್ಟ್ ಇದೆ. ಅವುಗಳಿಗೆ ಕೈಪಿಡಿಯಲ್ಲಿ ಹೇಳಿದ ಅವಧಿಗೆ ಬದಲಿಸಲೇಬೇಕು.

ಇಲ್ಲಿ ಇನ್ನೊಂದು ಗೊಂದಲವಿದೆ. ಚೈನ್ ಇರುವ ಕಾರಿನಲ್ಲೂ ಹೊರಗಡೆ ಒಂದು ರಬ್ಬರ್ ಬೆಲ್ಟ್ ಕಾಣುತ್ತದೆ. ಅದು ಆಲ್ಟರ್ನೇಟರ್, ಎಸಿ ಕಂಪ್ರೆಸರ್‌ಗಳನ್ನು ತಿರುಗಿಸುವ ಡ್ರೈವ್ ಬೆಲ್ಟ್. ಅದನ್ನು ಬದಲಿಸಲು 1,000ದಿಂದ 2,500 ರೂ. ಸಾಕು. 'ಬೆಲ್ಟ್ ಹೋಗಿದೆ' ಎಂದು ಗ್ಯಾರೇಜಿನವರು ಹೇಳಿದರೆ 'ಯಾವ ಬೆಲ್ಟ್?' ಎಂದು ಕೇಳಿ.

ಚೈನ್‌ಗೂ ಶತ್ರು ಇದೆ. ಆಯಿಲ್ ಬದಲಿಸದೆ ವರ್ಷಗಟ್ಟಲೆ ಓಡಿಸಿದರೆ ಚೈನ್ ಸಡಿಲವಾಗಿ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮುಂಭಾಗದಿಂದ ಗಲಗಲ ಸದ್ದು ಬರುತ್ತದೆ. ಆಗ ಚೈನ್, ಟೆನ್ಷನರ್ ಮತ್ತು ಕೂಲಿ ಸೇರಿ 15ರಿಂದ 25 ಸಾವಿರ ರೂ. ಆಗಬಹುದು. ಸರಿಯಾದ ಸಮಯಕ್ಕೆ ಆಯಿಲ್ ಬದಲಿಸಿದ್ದರೆ ಆಗುತ್ತಿದ್ದುದು ಒಂದು ಸಲಕ್ಕೆ ಮೂರ್ನಾಲ್ಕು ಸಾವಿರ.

ಹೇಳಿಕೆ 2: 'ಹಳೆ ಎಂಜಿನ್‌ಗೆ ದಪ್ಪ ಆಯಿಲ್ ಹಾಕಿ, ಸೀಮೆಎಣ್ಣೆ ಹಾಕಿ ತೊಳೆಯಿರಿ'

ಎರಡೂ ಅಪಾಯಕಾರಿ ಸಲಹೆಗಳು. ವಿಟೆಕ್ ವ್ಯವಸ್ಥೆ ಕೆಲಸ ಮಾಡುವುದೇ ಆಯಿಲ್‌ನ ಒತ್ತಡದಿಂದ. ಸಣ್ಣ ಸಣ್ಣ ರಂಧ್ರಗಳ ಮೂಲಕ ಆಯಿಲ್ ಹರಿದು ವಾಲ್ವ್ ನಡೆಸುವ ಭಾಗಗಳನ್ನು ಮುಟ್ಟಬೇಕು. ಅಗತ್ಯಕ್ಕಿಂತ ದಪ್ಪ ಆಯಿಲ್ ಹಾಕಿದರೆ ತಣ್ಣಗಿನ ಎಂಜಿನ್‌ನಲ್ಲಿ ಅದು ಮೇಲೇರಲು ತಡವಾಗುತ್ತದೆ. ಎಂಜಿನ್ ಹೆಚ್ಚು ಸವೆಯುವುದೇ ಸ್ಟಾರ್ಟ್ ಆದ ಆ ಮೊದಲ ಕ್ಷಣಗಳಲ್ಲಿ. ಯಾವ ಗ್ರೇಡ್ ಹಾಕಬೇಕು ಎಂಬುದು ಕಾರಿನ ಕೈಪಿಡಿಯಲ್ಲಿದೆ. ಅದನ್ನೇ ಹಾಕಿಸಿ.

ಸೀಮೆಎಣ್ಣೆ ಅಥವಾ ಡೀಸೆಲ್ ಹಾಕಿ ಎಂಜಿನ್ ಓಡಿಸಿ 'ತೊಳೆಯುವ' ಪದ್ಧತಿ ಕೆಲವು ಗ್ಯಾರೇಜ್‌ಗಳಲ್ಲಿ ಇನ್ನೂ ಇದೆ. ಇವುಗಳಿಗೆ ಆಯಿಲ್‌ನಷ್ಟು ಜಿಡ್ಡು ಇಲ್ಲ, ಆದ್ದರಿಂದ ಬೇರಿಂಗ್‌ಗಳು ಒಣ ಲೋಹದ ಮೇಲೆ ಉಜ್ಜುತ್ತವೆ. ಒಳಗೆ ಅಂಟಿದ ಮಡ್ಡಿ ತುಂಡುತುಂಡಾಗಿ ಕಿತ್ತು ಬಂದರೆ ಆಯಿಲ್ ಹೋಗುವ ದಾರಿಯನ್ನೇ ಮುಚ್ಚಬಹುದು. ನಿಜವಾಗಿಯೂ ಮಡ್ಡಿ ಕಟ್ಟಿದ್ದರೆ ಒಳ್ಳೆಯ ಆಯಿಲ್ ಮತ್ತು ಫಿಲ್ಟರನ್ನು ಎರಡು ಮೂರು ಸಲ ಬೇಗಬೇಗ, ಅಂದರೆ 2-3 ಸಾವಿರ ಕಿ.ಮೀ.ಗೊಮ್ಮೆ ಬದಲಿಸುವುದು ಸುರಕ್ಷಿತ ದಾರಿ.

ಇನ್ನೊಂದು ವಿಷಯ. ಈ ಎಂಜಿನ್‌ನಲ್ಲಿ ವಾಲ್ವ್ ಅಂತರ ತನ್ನಿಂದ ತಾನೇ ಸರಿಹೊಂದುವುದಿಲ್ಲ, ಕೈಯಿಂದ ಹೊಂದಿಸಬೇಕು. ನಮ್ಮ ಮೆಕ್ಯಾನಿಕ್‌ಗಳು ಇದನ್ನು 'ಟ್ಯಾಪೆಟ್ ಸೆಟ್ಟಿಂಗ್' ಎನ್ನುತ್ತಾರೆ. ಐಡಲ್‌ನಲ್ಲಿ ಹೊಲಿಗೆ ಯಂತ್ರದಂತೆ ಟಿಕ್ ಟಿಕ್ ಸದ್ದು ಬಂದರೆ 'ಎಂಜಿನ್ ಹೋಯಿತು' ಎಂದು ಗಾಬರಿಯಾಗಬೇಕಿಲ್ಲ. ಮೊದಲು ಇದನ್ನು ಪರೀಕ್ಷಿಸಿ. 1,500ರಿಂದ 3,000 ರೂ.ಗೆ ಆಗುವ ಕೆಲಸ.

ಹೇಳಿಕೆ 3: 'ಕೂಲೆಂಟ್ ಎಂಬುದು ಕಂಪನಿಗಳ ಮೋಸ, ನಲ್ಲಿ ನೀರು ಸಾಕು'

ಹಳೆಯ ಸೆಡಾನ್‌ನ ಎಂಜಿನ್ ಕೆಡಿಸುವ ಅಭ್ಯಾಸಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬಹುದು. ಕೂಲೆಂಟ್ ಎರಡು ಕೆಲಸ ಮಾಡುತ್ತದೆ. ಅದು ನೀರಿನ ಕುದಿಯುವ ಬಿಂದುವನ್ನು ಏರಿಸುತ್ತದೆ, ಒಳಗಿನ ಲೋಹ ತುಕ್ಕು ಹಿಡಿಯದಂತೆ ತಡೆಯುತ್ತದೆ. ಬೋರ್‌ವೆಲ್ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಟೀ ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವಂತೆ ರೇಡಿಯೇಟರ್‌ನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ.

ರೇಡಿಯೇಟರ್‌ನ ನಡುಭಾಗ ಅಲ್ಯೂಮಿನಿಯಂ, ಎರಡು ತುದಿಯ ತೊಟ್ಟಿಗಳು ಪ್ಲಾಸ್ಟಿಕ್. ಹತ್ತು ಹನ್ನೆರಡು ವರ್ಷ ಬಿಸಿಯುಂಡ ಪ್ಲಾಸ್ಟಿಕ್ ಬಿರುಸಾಗಿ ಬಿರುಕು ಬಿಡುತ್ತದೆ. ಹೋಸ್ ಪೈಪ್‌ಗಳ ರಬ್ಬರ್ ಊದಿಕೊಳ್ಳುತ್ತದೆ. ಕೂಲೆಂಟ್ ತೊಟ್ಟಿಕ್ಕಲು ಶುರುವಾದಾಗ ಅನೇಕರು ವಾರಕ್ಕೊಮ್ಮೆ ಬಾಟಲಿ ನೀರು ಸುರಿದು ಮುಂದೂಡುತ್ತಾರೆ. ಊರೊಳಗೆ ಓಡಾಡುವಷ್ಟು ದಿನ ಏನೂ ಗೊತ್ತಾಗುವುದಿಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು, ಎಸಿ ಹಾಕಿ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಏರುವಾಗ ಎಂಜಿನ್ ಕುದಿಯುತ್ತದೆ.

ಲೆಕ್ಕ ನೋಡಿ. ಕೂಲೆಂಟ್ ಬದಲಿಸಲು 1,500ರಿಂದ 2,500 ರೂ., ಹೋಸ್‌ಗಳಿಗೆ ಒಂದೂವರೆಯಿಂದ ಮೂರು ಸಾವಿರ, ಥರ್ಮೋಸ್ಟಾಟ್‌ಗೆ ಒಂದೂವರೆಯಿಂದ ಎರಡೂವರೆ ಸಾವಿರ, ರೇಡಿಯೇಟರ್ ಪೂರ್ತಿ ಬದಲಿಸಿದರೆ 5ರಿಂದ 9 ಸಾವಿರ. ಇದನ್ನು ತಪ್ಪಿಸಿ ಎಂಜಿನ್ ಕುದಿಸಿದರೆ ಅಲ್ಯೂಮಿನಿಯಂ ಸಿಲಿಂಡರ್ ಹೆಡ್ ಸೊಟ್ಟಗಾಗಿ ಹೆಡ್ ಗ್ಯಾಸ್ಕೆಟ್ ಸೀಳುತ್ತದೆ. ಅದಕ್ಕೆ 15ರಿಂದ 30 ಸಾವಿರ. ಅಷ್ಟರ ಮೇಲೂ ಓಡಿಸಿದರೆ ಪೂರ್ತಿ ಎಂಜಿನ್ ಕೆಲಸ, ಲಕ್ಷದ ಹತ್ತಿರ.

ಕೆಲವು ಕಾರುಗಳಲ್ಲಿ ತಾಪಮಾನ ತೋರಿಸುವ ಮುಳ್ಳೇ ಇರುವುದಿಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ ಇರುತ್ತದೆ. ನೀಲಿ ದೀಪ ಎಂದರೆ ಎಂಜಿನ್ ಇನ್ನೂ ತಣ್ಣಗಿದೆ. ಕೆಂಪು ದೀಪ ಬಂತೆಂದರೆ 'ಮುಂದಿನ ಊರು ಬರಲಿ' ಎಂದು ಕಾಯಬೇಡಿ. ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಲೇಬೇಡಿ. ಒತ್ತಡದಲ್ಲಿರುವ ಕುದಿಯುವ ದ್ರವ ಮುಖಕ್ಕೆ ಚಿಮ್ಮುತ್ತದೆ.

ಹೇಳಿಕೆ 4: 'ಕೆಳಗಡೆ ಕಟಕಟ ಸದ್ದು ಬಂದರೆ ಪೂರ್ತಿ ಸಸ್ಪೆನ್ಷನ್ ಬದಲಿಸಬೇಕು'

ಸೆಡಾನ್‌ಗಳು ನೆಲಕ್ಕೆ ಹತ್ತಿರ. ನಮ್ಮ ಹಂಪ್‌ಗಳು, ಗುಂಡಿಗಳು ಅವಕ್ಕೆ ಒಗ್ಗುವುದಿಲ್ಲ. ಹೀಗಾಗಿ ಹಳೆಯ ಸೆಡಾನ್‌ಗೆ ಸಸ್ಪೆನ್ಷನ್ ಕೆಲಸ ಬರುವುದು ಸಹಜ. ಆದರೆ ಸದ್ದಿನ ಬಗೆ ನೋಡಿದರೆ ತಪ್ಪು ಎಲ್ಲಿದೆ ಎಂದು ಸುಮಾರಾಗಿ ಹೇಳಬಹುದು.

ಸಣ್ಣ ಸಣ್ಣ ಗುಂಡಿಗಳ ಮೇಲೆ ನಿಧಾನ ಹೋಗುವಾಗ ಕಟಕಟ ಎಂದರೆ ಸ್ಟೆಬಿಲೈಸರ್ ಲಿಂಕ್ ರಾಡ್ ಮೇಲೆ ಮೊದಲ ಅನುಮಾನ. ಜೋಡಿಗೆ 1,500ರಿಂದ 3,000 ರೂ. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರದ ಮೇಲ್ಭಾಗದಲ್ಲಿ ಟಣ್ ಎಂದರೆ ಸ್ಟ್ರಟ್ ಮೌಂಟ್ ಇರಬಹುದು. ಬ್ರೇಕ್ ಹಾಕಿದಾಗ ಧಡ್ ಎಂದರೆ ಲೋವರ್ ಆರ್ಮ್ ಬುಷ್. ಗುಂಡಿ ದಾಟಿದ ಮೇಲೂ ಕಾರು ದೋಣಿಯಂತೆ ತೂಗಿದರೆ ಶಾಕ್ ಅಬ್ಸಾರ್ಬರ್ ಸೋತಿದೆ. ನಾಲ್ಕನ್ನೂ ಬದಲಿಸಿದರೆ 14ರಿಂದ 22 ಸಾವಿರ ಬೇಕಾಗುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಚಲಿಸುವಾಗ ಟಕ್ ಟಕ್ ಟಕ್ ಎಂದರೆ ಡ್ರೈವ್‌ಶಾಫ್ಟ್‌ನ ಕೀಲು ಸವೆದಿದೆ.

ಈ ಕೊನೆಯದು ಸಣ್ಣ ನಿರ್ಲಕ್ಷ್ಯ ದೊಡ್ಡ ಖರ್ಚಾಗುವುದಕ್ಕೆ ಒಳ್ಳೆಯ ಉದಾಹರಣೆ. ಡ್ರೈವ್‌ಶಾಫ್ಟ್ ಕೀಲಿನ ಮೇಲೆ ಗ್ರೀಸ್ ತುಂಬಿದ ರಬ್ಬರ್ ಚೀಲ ಇರುತ್ತದೆ. ಅದು ಸೀಳಿದಾಗಲೇ ಬದಲಿಸಿದರೆ 1,000ದಿಂದ 2,000 ರೂ. ಬಿಟ್ಟರೆ ಗ್ರೀಸ್ ಹೊರಗೆ ಚೆಲ್ಲಿ, ಮಣ್ಣು ಒಳಗೆ ಸೇರಿ ಕೀಲೇ ಹೋಗುತ್ತದೆ. ಆಮೇಲೆ ಒಂದು ಬದಿಗೆ 6ರಿಂದ 12 ಸಾವಿರ. ಪ್ರತಿ ಸರ್ವಿಸ್‌ನಲ್ಲಿ ಕಾರು ಮೇಲೆತ್ತಿದಾಗ ಆ ರಬ್ಬರ್ ಚೀಲಗಳನ್ನು ತೋರಿಸಿ ಎಂದು ಕೇಳಿ. ಮೊಬೈಲ್‌ನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ.

ಬಿಲ್ ನೋಡುವಾಗ ಇದನ್ನೂ ಗಮನಿಸಿ. ಮೂರನೇ ತಲೆಮಾರಿನ ಸಿಟಿಯಲ್ಲಿ ಇರುವುದು ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್. ಅದು ಮೋಟಾರ್‌ನಿಂದ ಕೆಲಸ ಮಾಡುತ್ತದೆ, ಆಯಿಲ್ ಇಲ್ಲ. ಬಿಲ್‌ನಲ್ಲಿ 'ಪವರ್ ಸ್ಟೀರಿಂಗ್ ಆಯಿಲ್ ಬದಲಾವಣೆ' ಎಂದು ಇದ್ದರೆ ಆ ಆಯಿಲ್ ಎಲ್ಲಿ ಹಾಕಿದಿರಿ ಎಂದು ಕೇಳುವ ಹಕ್ಕು ನಿಮಗಿದೆ.

ಹೇಳಿಕೆ 5: 'ಚೆಕ್ ಎಂಜಿನ್ ದೀಪ ಬಂದರೆ ಬ್ಯಾಟರಿ ವೈರ್ ತೆಗೆದು ಹಾಕಿ, ಸರಿಹೋಗುತ್ತದೆ'

ದೀಪ ಆರುತ್ತದೆ, ಕಾಯಿಲೆ ಹೋಗುವುದಿಲ್ಲ. ಥರ್ಮಾಮೀಟರ್ ಒಡೆದು ಹಾಕಿದರೆ ಜ್ವರ ಇಳಿಯುತ್ತದೆಯೇ? ಈ ದೀಪ ಬಂದಾಗ ಕಾರಿನ ಕಂಪ್ಯೂಟರ್‌ನಲ್ಲಿ ಒಂದು ಕೋಡ್ ದಾಖಲಾಗಿರುತ್ತದೆ. ಬ್ಯಾಟರಿ ವೈರ್ ತೆಗೆದರೆ ಆ ಸುಳಿವೂ ಅಳಿಸಿಹೋಗುತ್ತದೆ. ಹಳೆಯ ಕಾರು ಮಾರುವವರಲ್ಲಿ ಕೆಲವರು ಇದೇ ತಂತ್ರ ಬಳಸಿ ದೀಪ ಮುಚ್ಚಿಡುತ್ತಾರೆ. ಸ್ವಲ್ಪ ದೂರ ಓಡಿಸಿದ ಮೇಲೆ ಅದು ಮತ್ತೆ ಬರುತ್ತದೆ. ಕೊಳ್ಳುವ ಮುನ್ನ ಕನಿಷ್ಠ ಅರ್ಧ ಗಂಟೆಯಾದರೂ ಕಾರು ಓಡಿಸಿ ನೋಡಿ ಎನ್ನುವುದು ಇದಕ್ಕೇ.

ಹಳೆಯ ಪೆಟ್ರೋಲ್ ಸೆಡಾನ್‌ನಲ್ಲಿ ಈ ದೀಪದ ಜೊತೆಗೆ ಎಂಜಿನ್ ನಡುಗಿ, ಎಳೆತ ಕಡಿಮೆಯಾದರೆ ಸಾಮಾನ್ಯವಾಗಿ ಇಗ್ನಿಷನ್ ಕಾಯಿಲ್ ಅಥವಾ ಸ್ಪಾರ್ಕ್ ಪ್ಲಗ್ ಕಾರಣ. ಪ್ರತಿ ಸಿಲಿಂಡರ್‌ಗೂ ಒಂದೊಂದು ಕಾಯಿಲ್ ಇರುತ್ತದೆ. ಇದನ್ನು ಪತ್ತೆ ಮಾಡುವ ಸುಲಭ ವಿಧಾನವಿದೆ. ಸ್ಕ್ಯಾನರ್ 'ಪಿ 0302' ಎಂದು ತೋರಿಸಿದರೆ ಎರಡನೇ ಸಿಲಿಂಡರ್‌ನಲ್ಲಿ ಕಿಡಿ ತಪ್ಪುತ್ತಿದೆ ಎಂದರ್ಥ. ಆ ಕಾಯಿಲ್ ಅನ್ನು ಮೂರನೇ ಸಿಲಿಂಡರ್‌ಗೆ ಹಾಕಿ, ಮೂರನೆಯದನ್ನು ಎರಡಕ್ಕೆ ಹಾಕಿ ಓಡಿಸಿ. ಕೋಡ್ 'ಪಿ 0303' ಎಂದು ಬದಲಾದರೆ ಕಾಯಿಲ್ ಕೆಟ್ಟಿದೆ. ಬದಲಾಗದಿದ್ದರೆ ಪ್ಲಗ್, ಇಂಜೆಕ್ಟರ್ ಇತ್ಯಾದಿ ನೋಡಬೇಕು. ಒಂದು ಕಾಯಿಲ್‌ಗೆ 1,500ರಿಂದ 3,500 ರೂ. ಪರೀಕ್ಷೆ ಮಾಡದೆ ನಾಲ್ಕೂ ಬದಲಿಸಿದರೆ ನಾಲ್ಕು ಪಟ್ಟು.

ದೀಪ ಸುಮ್ಮನೆ ಉರಿಯುತ್ತಿದ್ದರೆ ನಿಧಾನವಾಗಿ ಗ್ಯಾರೇಜ್ ತಲುಪಬಹುದು. ಮಿನುಗುತ್ತಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್‌ನ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗುತ್ತಿದೆ ಎಂದರ್ಥ. ಕನ್ವರ್ಟರ್ ದುಬಾರಿ ಭಾಗ. ಹಾಗಾಗಿ ಆಗ ಕಾರು ನಿಲ್ಲಿಸುವುದೇ ಒಳ್ಳೆಯದು.

ಹೇಳಿಕೆ 6: 'ಎಸಿ ಗ್ಯಾಸ್ ಪ್ರತಿ ಬೇಸಿಗೆಗೂ ತುಂಬಿಸಬೇಕು'

ಸುಳ್ಳು. ಎಸಿ ಗ್ಯಾಸ್ ಪೆಟ್ರೋಲ್‌ನಂತೆ ಖರ್ಚಾಗುವುದಿಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಹಲವು ವರ್ಷಗಳಲ್ಲಿ ಸ್ವಲ್ಪ ಕಡಿಮೆಯಾಗುವುದು ಸಹಜ. ಪ್ರತಿ ವರ್ಷ ಖಾಲಿಯಾಗುತ್ತಿದೆ ಎಂದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ಪ್ರತಿ ಬೇಸಿಗೆ 1,500ರಿಂದ 2,500 ರೂ. ಕೊಟ್ಟು ಗ್ಯಾಸ್ ತುಂಬಿಸುವುದು ತೂತು ಕೊಡಕ್ಕೆ ನೀರು ಹಾಕಿದ ಹಾಗೆ.

ಗ್ಯಾಸ್ ಜೊತೆಗೇ ಕಂಪ್ರೆಸರ್‌ಗೆ ಬೇಕಾದ ಎಣ್ಣೆಯೂ ಸುತ್ತುತ್ತದೆ. ಸೋರಿಕೆಯಲ್ಲಿ ಅದೂ ಹೋಗುತ್ತದೆ. ಕಂಡೆನ್ಸರ್ ಬದಲಿಸಲು 5ರಿಂದ 9 ಸಾವಿರ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ಗೆ 8ರಿಂದ 15 ಸಾವಿರ, ಕಂಪ್ರೆಸರ್ ಹೋದರೆ 15ರಿಂದ 30 ಸಾವಿರ. ಆದ್ದರಿಂದ ಮೊದಲು ಸೋರಿಕೆ ಪರೀಕ್ಷೆ, ಆಮೇಲೆ ಗ್ಯಾಸ್. ಅದಕ್ಕೂ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ಗಾಳಿಯೇ ಕಡಿಮೆ ಬರುತ್ತಿದ್ದರೆ ಕೆಲವು ನೂರು ರೂಪಾಯಿಯ ಆ ಫಿಲ್ಟರ್ ಕಟ್ಟಿಕೊಂಡಿರಬಹುದು.

ಹೇಳಿಕೆ 7: 'ಇ-20 ಪೆಟ್ರೋಲ್ ಹಾಕಿದರೆ ಹಳೆ ಕಾರಿನ ಎಂಜಿನ್ ಒಂದೇ ತಿಂಗಳಲ್ಲಿ ಕರಗುತ್ತದೆ'

ಇದು ಉತ್ಪ್ರೇಕ್ಷೆ. ಆದರೆ 'ಏನೂ ಆಗುವುದಿಲ್ಲ' ಎನ್ನುವುದೂ ಪೂರ್ತಿ ಸರಿಯಲ್ಲ. ಇ-20 ಎಂದರೆ ಶೇ. 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಹಾಗಾಗಿ ಮೈಲೇಜ್ ಸ್ವಲ್ಪ ಇಳಿಯುತ್ತದೆ. ಎಥೆನಾಲ್ ಮಿಶ್ರಣದ ಬಗ್ಗೆ ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ವರದಿಯೇ ಇ-20ಗಾಗಿ ವಿನ್ಯಾಸವಾಗದ ಹಳೆಯ ಕಾರುಗಳಲ್ಲಿ ಶೇ. 6-7ರಷ್ಟು ಇಳಿಕೆ ಆಗಬಹುದು ಎಂದು ಅಂದಾಜಿಸಿತ್ತು. ಲೀಟರ್‌ಗೆ 14 ಕಿ.ಮೀ. ಕೊಡುವ ಕಾರು 13ರ ಆಸುಪಾಸಿಗೆ ಬರಬಹುದು ಎಂದುಕೊಳ್ಳಿ.

ಎಥೆನಾಲ್ ಕೆಲವು ಬಗೆಯ ಹಳೆಯ ರಬ್ಬರನ್ನು ಊದಿಸುತ್ತದೆ, ಗಾಳಿಯ ತೇವವನ್ನು ಹೀರುತ್ತದೆ. ಆದ್ದರಿಂದ ಹತ್ತು ವರ್ಷ ದಾಟಿದ ಕಾರಿನಲ್ಲಿ ಪೆಟ್ರೋಲ್ ಹೋಸ್ ಮತ್ತು ಸೀಲ್‌ಗಳನ್ನು ಪ್ರತಿ ಸರ್ವಿಸ್‌ನಲ್ಲಿ ನೋಡಿಸಿ. ತಿಂಗಳುಗಟ್ಟಲೆ ಕಾರು ನಿಲ್ಲಿಸಿ ಇಡಬೇಡಿ. ಪೆಟ್ರೋಲ್ ವಾಸನೆ ಬಂದರೆ ತಕ್ಷಣ ಪರೀಕ್ಷಿಸಿ. ಬಿರುಕು ಬಿಟ್ಟ ಹೋಸ್ ಬದಲಿಸಲು ಹೆಚ್ಚು ಹಣ ಬೇಡ, ಆದರೆ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ತೊಟ್ಟಿಕ್ಕಿದರೆ ಬೆಂಕಿಯ ಅಪಾಯವಿದೆ.

ಹೇಳಿಕೆ 8: 'ನೀರಿನಲ್ಲಿ ಕಾರು ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಿರಿ'

ಹೀಗೆ ಮಾಡಲೇಬೇಡಿ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರು ಕಡೆ ಕಾರುಗಳು ಮುಳುಗಿದ್ದನ್ನು ಎಲ್ಲರೂ ನೋಡಿದ್ದೇವೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರ್‌ನೊಳಗೆ ನೀರು ಸೇರಿದಾಗ ಸ್ಟಾರ್ಟ್ ಮಾಡಿದರೆ ಮೇಲೇರುವ ಪಿಸ್ಟನ್ ನೀರಿಗೆ ಢಿಕ್ಕಿ ಹೊಡೆದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಬಿಚ್ಚಿ ಕಟ್ಟಲು 70 ಸಾವಿರದಿಂದ ಒಂದೂವರೆ ಲಕ್ಷ ರೂ.ವರೆಗೆ ಆಗಬಹುದು. ಅಂದರೆ ಹಳೆಯ ಕಾರಿನ ಅರ್ಧ ಬೆಲೆ.

ಸಾಮಾನ್ಯ ವಿಮೆಯಲ್ಲಿ, ನೀರು ಹೊಕ್ಕ ಮೇಲೆ ಸ್ಟಾರ್ಟ್ ಮಾಡಿ ಆದ ಎಂಜಿನ್ ಹಾನಿಗೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ. 'ಎಂಜಿನ್ ಪ್ರೊಟೆಕ್ಟ್' ಎಂಬ ಹೆಚ್ಚುವರಿ ವಿಮೆ ಹಳೆಯ ಕಾರುಗಳಿಗೆ ಸಿಗುವುದು ಕಷ್ಟ. ಆದ್ದರಿಂದ ಸೆಲ್ಫ್ ಹೊಡೆಯದೆ, ಇಗ್ನಿಷನ್ ಆಫ್ ಮಾಡಿ, ಕಾರನ್ನು ತಳ್ಳಿಸಿ ಅಥವಾ ಎಳೆಸಿ ಗ್ಯಾರೇಜಿಗೆ ಸಾಗಿಸಿ. ಪ್ಲಗ್ ತೆಗೆದು ನೀರು ಹೊರಹಾಕಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದರೆ ಅನೇಕ ಸಲ ಎಂಜಿನ್ ಉಳಿಯುತ್ತದೆ.

ಯಾವ ಫಾರ್ವರ್ಡ್‌ನಲ್ಲೂ ಬಾರದ ವಿಷಯ: ಏರ್‌ಬ್ಯಾಗ್

ಮೇಲಿನವೆಲ್ಲ ಹಣದ ಪ್ರಶ್ನೆ. ಇದು ಜೀವದ ಪ್ರಶ್ನೆ. ಖರ್ಚು ಮಾತ್ರ ಸೊನ್ನೆ.

ಜಪಾನಿನ ತಕಾಟ ಕಂಪನಿ ತಯಾರಿಸಿದ ಏರ್‌ಬ್ಯಾಗ್‌ಗಳನ್ನು ಜಗತ್ತಿನ ಹಲವು ಕಾರು ಕಂಪನಿಗಳು ಬಳಸಿದ್ದವು. ಅಪಘಾತವಾದಾಗ ಚೀಲವನ್ನು ಕ್ಷಣಾರ್ಧದಲ್ಲಿ ಊದಿಸಲು ಅದರೊಳಗೆ ಅಮೋನಿಯಂ ನೈಟ್ರೇಟ್ ಆಧಾರಿತ ರಾಸಾಯನಿಕ ಇರುತ್ತದೆ. ವರ್ಷಗಟ್ಟಲೆ ಬಿಸಿಲು ಮತ್ತು ತೇವಾಂಶ ತಾಗಿದಾಗ ಅದು ಹದಗೆಡುತ್ತದೆ. ಅಂಥ ಏರ್‌ಬ್ಯಾಗ್ ತೆರೆದುಕೊಳ್ಳುವ ಬದಲು ಸ್ಫೋಟಿಸಿ, ಲೋಹದ ಚೂರುಗಳನ್ನು ಚಾಲಕರ ಕುತ್ತಿಗೆ, ಮುಖಕ್ಕೆ ಎರಚಬಹುದು. ಅಮೆರಿಕ ಒಂದರಲ್ಲೇ ಇದರಿಂದ 25ಕ್ಕೂ ಹೆಚ್ಚು ಜನ ಸತ್ತಿದ್ದಾರೆ. ತಕಾಟ 2017ರಲ್ಲಿ ದಿವಾಳಿ ಎದ್ದಿತು.

ಭಾರತದಲ್ಲೂ ಹೋಂಡಾ ಕಂಪನಿ 2003ರಿಂದ 2013ರ ನಡುವೆ ತಯಾರಾದ ಸಿಟಿ, ಜಾಝ್, ಸಿವಿಕ್, ಅಕಾರ್ಡ್, ಸಿಆರ್-ವಿ ಕಾರುಗಳಲ್ಲಿ ಹಲವನ್ನು ಹಂತ ಹಂತವಾಗಿ ಹಿಂದಕ್ಕೆ ಕರೆದು, ಈ ಭಾಗವನ್ನು ಉಚಿತವಾಗಿ ಬದಲಿಸುವುದಾಗಿ ಪ್ರಕಟಿಸಿತು. ಕಾರು ಎರಡು ಮೂರು ಕೈ ಬದಲಾದಾಗ ಕಂಪನಿಯ ಪತ್ರ ಮೊದಲ ಮಾಲೀಕರ ಹಳೆಯ ವಿಳಾಸಕ್ಕೆ ಹೋಗಿರಬಹುದು. ಈಗಿನ ಮಾಲೀಕರಿಗೆ ವಿಷಯವೇ ಗೊತ್ತಿರುವುದಿಲ್ಲ. ಬಿಸಿಲೂ ತೇವವೂ ಹೆಚ್ಚಿರುವ ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಓಡಿದ ಕಾರುಗಳ ಮಾಲೀಕರು ಇದನ್ನು ಮುಖ್ಯವಾಗಿ ಗಮನಿಸಬೇಕು.

ಡ್ಯಾಶ್‌ಬೋರ್ಡ್‌ನಲ್ಲಿ ಏರ್‌ಬ್ಯಾಗ್ ದೀಪ ಉರಿಯುತ್ತಿಲ್ಲ, ಆದ್ದರಿಂದ ಸರಿಯಿದೆ ಎಂದುಕೊಳ್ಳಬೇಡಿ. ಆ ದೀಪ ವೈರಿಂಗ್ ದೋಷ ತೋರಿಸುತ್ತದೆ, ರಾಸಾಯನಿಕ ಕೆಟ್ಟಿರುವುದನ್ನು ತೋರಿಸುವುದಿಲ್ಲ. ಆರ್‌ಸಿಯಲ್ಲಿ 17 ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಇರುತ್ತದೆ. ಅದನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ ಅಥವಾ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಕೊಟ್ಟು, 'ಈ ಕಾರಿಗೆ ರೀಕಾಲ್ ಬಾಕಿ ಇದೆಯೇ?' ಎಂದು ಕೇಳಿ. ಬಾಕಿ ಇದ್ದರೆ ಮೊದಲು ಅದನ್ನು ಮಾಡಿಸಿ.

ಹಾಗಾದರೆ ಒಟ್ಟು ಎಷ್ಟು ಹಣ ಎತ್ತಿಡಬೇಕು?

ಹನ್ನೆರಡು ವರ್ಷದ, ಹಿಂದಿನ ಸರ್ವಿಸ್ ದಾಖಲೆ ಇಲ್ಲದ ಸೆಡಾನ್ ಕೊಂಡಿದ್ದೀರಿ ಎಂದುಕೊಳ್ಳೋಣ. ಮೊದಲ ವರ್ಷದ ಅಂದಾಜು ಹೀಗಿದೆ:

• ಎಂಜಿನ್ ಆಯಿಲ್ ಮತ್ತು ಎಲ್ಲ ಫಿಲ್ಟರ್‌ಗಳು: 3,500ರಿಂದ 5,000 ರೂ.
• ಕೂಲೆಂಟ್ ಮತ್ತು ಹೋಸ್‌ಗಳು: 3,000ದಿಂದ 6,000 ರೂ.
• ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್: 3,000ದಿಂದ 5,000 ರೂ.
• ಬ್ಯಾಟರಿ: 4,500ರಿಂದ 6,000 ರೂ.
• ನಾಲ್ಕು ಟೈರ್: 16,000ದಿಂದ 24,000 ರೂ.
• ಸಸ್ಪೆನ್ಷನ್ ಕೆಲಸ: 10,000ದಿಂದ 25,000 ರೂ.

ಎಲ್ಲವೂ ಬೇಕಾದರೆ ಒಟ್ಟು 40 ಸಾವಿರದಿಂದ 71 ಸಾವಿರ ರೂ. ಕ್ಲಚ್ ಸವೆದಿದ್ದರೆ ಇನ್ನೊಂದು 10ರಿಂದ 16 ಸಾವಿರ. ಅಂದರೆ 'ಲಕ್ಷ ಬೇಕು' ಎನ್ನುವ ಸಂದೇಶ ಪೂರ್ತಿ ಕಟ್ಟುಕಥೆಯಲ್ಲ. ಆದರೆ ಇದು ಪ್ರತಿ ವರ್ಷದ ಖರ್ಚಲ್ಲ. ಒಮ್ಮೆ ಮಾಡಿಸಿದರೆ ಟೈರ್, ಬ್ಯಾಟರಿ, ಶಾಕ್ ಅಬ್ಸಾರ್ಬರ್‌ಗಳು ಕೆಲವು ವರ್ಷ ಬಾಳುತ್ತವೆ. ಹಾಗೆಂದು ಕಾರಿನ ಬೆಲೆಗಷ್ಟೇ ಹಣ ಹೊಂದಿಸಿಕೊಂಡು ಕೊಳ್ಳಲು ಹೋಗಬೇಡಿ. ಎರಡೂವರೆ ಲಕ್ಷ ಕೈಯಲ್ಲಿದ್ದರೆ ಎರಡು ಲಕ್ಷದ ಕಾರು ನೋಡಿ.

ಹಣ ಒಟ್ಟಿಗೆ ಇಲ್ಲದವರು ಈ ಕ್ರಮದಲ್ಲಿ ಮಾಡಿಸಬಹುದು. ಮೊದಲು ಜೀವ ಕಾಯುವವು: ಏರ್‌ಬ್ಯಾಗ್ ರೀಕಾಲ್, ಬ್ರೇಕ್, ಟೈರ್. ಎರಡನೆಯದು ಎಂಜಿನ್ ಕಾಯುವವು: ಕೂಲೆಂಟ್, ಹೋಸ್, ಆಯಿಲ್. ಮೂರನೆಯದು ಸದ್ದು, ನಡುಕ, ಎಸಿ. ಅನೇಕರು ಇದನ್ನು ತಲೆಕೆಳಗೆ ಮಾಡುತ್ತಾರೆ. ಮೊದಲು ಸೀಟ್ ಕವರ್, ಮ್ಯೂಸಿಕ್ ಸಿಸ್ಟಮ್ ಹಾಕಿಸಿ, ಸವೆದ ಟೈರಿನಲ್ಲೇ ಧರ್ಮಸ್ಥಳಕ್ಕೆ ಹೊರಡುತ್ತಾರೆ.

ಟೈರ್ ವಿಷಯದಲ್ಲಿ ಗುಂಡಿಯ ಆಳ ಮಾತ್ರವಲ್ಲ, ವಯಸ್ಸೂ ಮುಖ್ಯ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತವೆ. '2319' ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದದ್ದು. ನೋಡಲು ಹೊಸದರಂತಿದ್ದರೂ ಹಳೆಯ ರಬ್ಬರ್ ಹೆದ್ದಾರಿಯ ಬಿಸಿಗೆ ಸಿಡಿಯಬಹುದು.

ಬಿಡಿಭಾಗಗಳಲ್ಲಿ ಮೂರು ಬಗೆ ಇವೆ. ಕಾರು ಕಂಪನಿಯ ಪೊಟ್ಟಣದಲ್ಲಿ ಬರುವುದು, ಅದೇ ಭಾಗವನ್ನು ತಯಾರಿಸಿ ಕೊಡುವ ಸಂಸ್ಥೆ ತನ್ನ ಹೆಸರಿನಲ್ಲಿ ಮಾರುವುದು, ಮತ್ತು ನಕಲಿ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಮೂರೂ ಸಿಗುತ್ತವೆ. ಎರಡನೆಯ ಬಗೆ ಕೊಂಡರೆ ಗುಣಮಟ್ಟ ಬಿಡದೆ ಹಣ ಉಳಿಸಬಹುದು. ಬ್ರೇಕ್, ಸ್ಟೀರಿಂಗ್ ಭಾಗಗಳಲ್ಲಿ ಮಾತ್ರ ನಕಲಿಯ ಹತ್ತಿರವೂ ಹೋಗಬೇಡಿ. ಬದಲಿಸಿದ ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಕೆಲಸ ಶುರುವಾಗುವ ಮೊದಲೇ ಹೇಳಿಬಿಡಿ.

'15 ವರ್ಷ ಆದರೆ ಗುಜರಿಗೆ ಹಾಕಲೇಬೇಕು' ಎಂಬುದೂ ಕರ್ನಾಟಕದ ಮಟ್ಟಿಗೆ ನಿಜವಲ್ಲ. 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಮಿತಿ ದೆಹಲಿ ರಾಜಧಾನಿ ವಲಯಕ್ಕೆ ಸಂಬಂಧಿಸಿದ್ದು. ಇಲ್ಲಿ 15 ವರ್ಷ ತುಂಬಿದ ಖಾಸಗಿ ಕಾರು ಆರ್‌ಟಿಒ ತಪಾಸಣೆಯಲ್ಲಿ ಪಾಸಾದರೆ ಮತ್ತೆ 5 ವರ್ಷಕ್ಕೆ ನೋಂದಣಿ ನವೀಕರಣವಾಗುತ್ತದೆ. 600 ರೂ. ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಗಿದೆ. 20 ವರ್ಷ ದಾಟಿದ ಕಾರುಗಳಿಗೆ ಇನ್ನೂ ಹೆಚ್ಚು. 14 ವರ್ಷದ ಕಾರು ಕೊಳ್ಳುವವರು ಈ ಹಣವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊನೆಯ ಮಾತು

'ಹಳೆಯ ಸೆಡಾನ್ ಬಿಳಿ ಆನೆ' ಎಂಬ ಹೇಳಿಕೆ ಭಾಗಶಃ ಮಾತ್ರ ನಿಜ. 'ಏನೂ ಆಗಲ್ಲ, ಓಡಿಸಿ' ಎಂಬುದು ಸುಳ್ಳು. ಎರಡು ಸಾವಿರದ ಕೂಲೆಂಟ್, ಒಂದು ಸಾವಿರದ ರಬ್ಬರ್ ಚೀಲ, ಸಮಯಕ್ಕೆ ಸರಿಯಾದ ಆಯಿಲ್ ಇವಿಷ್ಟನ್ನು ತಪ್ಪಿಸದಿದ್ದರೆ ದೊಡ್ಡ ಬಿಲ್‌ಗಳಲ್ಲಿ ಬಹುಪಾಲು ಬರುವುದೇ ಇಲ್ಲ. ಗ್ಯಾರೇಜಿನಲ್ಲಿ 'ಯಾಕೆ ಬದಲಿಸಬೇಕು, ಪರೀಕ್ಷೆ ಮಾಡಿದಿರಾ, ಹಳೆಯ ಭಾಗ ತೋರಿಸಿ' ಎಂಬ ಮೂರು ಮಾತು ಕೇಳಿ. ಒಳ್ಳೆಯ ಮೆಕ್ಯಾನಿಕ್ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ನಿಮ್ಮ ಗುಂಪಿನಲ್ಲಿ ಯಾರಾದರೂ 2003ರಿಂದ 2013ರ ನಡುವಿನ ಕಾರು ಓಡಿಸುತ್ತಿದ್ದರೆ, ಮುಂದಿನ ಫಾರ್ವರ್ಡ್ ಕಳಿಸುವ ಮೊದಲು ಅವರಿಗೆ ಒಂದು ವಿಷಯ ತಿಳಿಸಿ: ಚಾಸಿಸ್ ನಂಬರ್ ಹಾಕಿ ಏರ್‌ಬ್ಯಾಗ್ ರೀಕಾಲ್ ಪರೀಕ್ಷಿಸಲು ಐದು ನಿಮಿಷ ಸಾಕು, ದುಡ್ಡು ಬೇಕಿಲ್ಲ.